ನಿಮಿಷಕ್ಕನ ಎಡ-ಬಲ

ನಮ್ಮ ಶಾಲೆಯ ಏಳೂ ಬಸ್ಸುಗಳ ಉಸ್ತುವಾರಿ ನಿಮಿಷಕ್ಕನದು. ಆ ಹೆಸರಿಟ್ಟವರು ನಾವು ಡ್ರೈವರುಗಳೇ. ‘ಮೂರು ನಿಮಿಷ ತಡ’, ‘ಅರ್ಧ ನಿಮಿಷ ಮೊದಲು’ ಎನ್ನದೆ ಅವಳಿಗೆ ಮಾತೇ ಶುರುವಾಗುವುದಿಲ್ಲ. ಅವಳು ನನ್ನ ಒಡಹುಟ್ಟಿದ ಅಕ್ಕ ಕೂಡ. ಮನೆಯಲ್ಲಿ ಬೈಸಿಕೊಂಡದ್ದು ಸಾಲದೆಂದು ಕೆಲಸದಲ್ಲೂ ಬೈಸಿಕೊಳ್ಳುವ ಭಾಗ್ಯ ನನ್ನದು.

ಉಸ್ತುವಾರಿ ಸಿಗುವ ಮೊದಲು ಹನ್ನೊಂದು ವರ್ಷ ಅವಳು ನನ್ನ ಮೂರನೇ ನಂಬರ್ ಬಸ್ಸಿನಲ್ಲೇ ಆಯಾ ಆಗಿದ್ದಳು. ಮುಂದಿನ ಗಾಜಿಗೆ ಬೆನ್ನು ಹಾಕಿ, ಬಾಗಿಲ ಕಂಬಿ ಹಿಡಿದು, ಮಕ್ಕಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ರಸ್ತೆ ನೋಡುವುದು ನನ್ನ ಪಾಲು, ಮಕ್ಕಳನ್ನು ನೋಡುವುದು ಅವಳ ಪಾಲು. ಹೋದ ವರ್ಷ ಒಂದು ಬೆಳಿಗ್ಗೆ, ಆಚೆ ಬದಿಯಲ್ಲಿ ನಿಂತಿದ್ದ ಪುಟ್ಟ ಹುಡುಗಿ ಬಸ್ಸು ಕಂಡ ಖುಷಿಗೆ ರಸ್ತೆಗೇ ಓಡಿಬಂದಳು. ಮಕ್ಕಳನ್ನು ಹತ್ತಿಸಲು ಕೆಳಗಿಳಿದಿದ್ದ ಅಕ್ಕ ಹಾರಿ ಅವಳ ಕಾಲರ್ ಹಿಡಿದು ಎಳೆದಳು. ಲಾರಿಯ ಗಾಲಿಗೆ ಸಿಕ್ಕಿದ್ದು ನೀರಿನ ಬಾಟಲಿ ಮಾತ್ರ. ನನ್ನ ಜೀವ ಬಾಯಿಗೆ ಬಂದಿತ್ತು.

ಉಸ್ತುವಾರಿ ಸಿಕ್ಕಿದ್ದೇ ತಡ, ಅಕ್ಕ ಒಂದೇ ಪಟ್ಟು ಹಿಡಿದಳು: ಬಸ್ಸಿಗಾಗಿ ಯಾವ ಮಗುವೂ ರಸ್ತೆ ದಾಟಬಾರದು, ಬಸ್ಸೇ ಮಗುವಿರುವ ಬದಿಗೆ ಹೋಗಬೇಕು. ಹಾಗೆಂದರೆ ಪ್ರತಿ ದೊಡ್ಡ ರಸ್ತೆಯಲ್ಲೂ ಒಮ್ಮೆ ಹೋಗಬೇಕು, ಸುತ್ತಿಕೊಂಡು ಮತ್ತೊಮ್ಮೆ ಬರಬೇಕು. ನಾವೆಲ್ಲ ಗೊಣಗಿದೆವು, ನಾನಂತೂ ಮನೆಯಲ್ಲೂ ಗೊಣಗಿದೆ. ಅವಳು ಕೇಳಲಿಲ್ಲ. ಅಡುಗೆಮನೆಯ ಟೈಮರನ್ನು ಸ್ಕೂಟರಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಬೀದಿ ಸುತ್ತಿದಳು. ವರ್ಕ್‌ಶಾಪಿನ ಪಕ್ಕದ ತಗಡಿನ ಕೋಣೆಯಲ್ಲಿ ಗೋಡೆ ತುಂಬಾ ನಕ್ಷೆ ಅಂಟಿಸಿ, ಮಕ್ಕಳಿರುವ ಕಡೆಗೆಲ್ಲ ಅಂಗಿಯ ಗುಂಡಿ ಮೆತ್ತಿದಳು. ನನ್ನ ಎರಡು ಒಳ್ಳೆಯ ಅಂಗಿಗಳು ಅದರಲ್ಲೇ ಬೋಳಾದವು.

ಶಾಲೆಯ ಕಾರ್ಯದರ್ಶಿ ಹಳೇ ಕಾಲದ ಗಟ್ಟಿ ಮನುಷ್ಯ. ಸೋಮವಾರ ಒಂದು ದಿನ ಪರೀಕ್ಷೆ ಎಂದರು. ಎಂಟೂವರೆಯ ಗಂಟೆ ಹೊಡೆಯುವಷ್ಟರಲ್ಲಿ ಏಳೂ ಬಸ್ಸು ಗೇಟಿನೊಳಗೆ ಇರಬೇಕು. ಒಂದು ತಪ್ಪಿದರೂ ಹಳೇ ಪದ್ಧತಿಯೇ, ಮತ್ತೆ ಈ ಮಾತು ಎತ್ತುವ ಹಾಗಿಲ್ಲ. ಅಕ್ಕ ಹೂಂ ಎಂದುಬಿಟ್ಟಳು.

ಸೋಮವಾರ ಬಸ್ಸು ಹೊರಟಾಗ ನನಗೂ ಹುಮ್ಮಸ್ಸು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಹಳೇ ರಸ್ತೆಗಳೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿದವು. ಎಂಟು ಗಂಟೆಗೆ ಹೊಸ ಬಡಾವಣೆ ಹೊಕ್ಕೆ, ಅದು ನನ್ನ ಬಸ್ಸಿಗೆ ಮಾತ್ರ ಹೊಸದಾಗಿ ಸೇರಿದ ದಾರಿ. ಅಲ್ಲಿನ ಬೀದಿಗಳೆಲ್ಲ ಒಂದೇ ತರಹ, ಅಕ್ಕ ಬರೆದುಕೊಟ್ಟ ಚೀಟಿಯೇ ಗತಿ. ‘ನೀರಿನ ಟ್ಯಾಂಕ್ ದಾಟಿ ಎಡಕ್ಕೆ’ ಎಂದಿತ್ತು. ತಿರುಗಿಸಿದೆ. ಎದುರಿಗೆ ಗೋಡೆ! ಮಕ್ಕಳಿಗೋ ಹಬ್ಬ, ಶಿಳ್ಳೆ, ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು. ಹೊಸ ಆಯಾ ಹಿಂದೆ ಇಳಿದು ಕೈಬೀಸುತ್ತಾ ರಿವರ್ಸ್ ಮಾಡಿಸಿದಳು. ಟ್ಯಾಂಕಿನ ಹತ್ತಿರ ವಾಪಸು ಬಂದು ನೋಡಿದರೆ, ನಾವು ಹತ್ತಿಸಬೇಕಾದ ಮಕ್ಕಳು ಬಲಗಡೆಯ ಬೀದಿಯಲ್ಲಿ ಸಾಲಾಗಿ ನಿಂತಿದ್ದಾರೆ.

ಆಗ ಹೊಳೆಯಿತು. ಹನ್ನೊಂದು ವರ್ಷ ಬೆನ್ನು ಮುಂದೆ ಮಾಡಿ ನಿಂತವಳ ಎಡ, ನನಗೆ ಬಲ! ಸ್ಕೂಟರಿನಲ್ಲಿ ಸುತ್ತಿ ಬಂದರೂ, ಬರೆಯಲು ಕೂತಾಗ ಅವಳು ಮನಸ್ಸಿನಲ್ಲಿ ಬಾಗಿಲ ಹತ್ತಿರವೇ ನಿಂತಿದ್ದಳು. ನಗುವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅಲ್ಲಿಂದ ಮುಂದೆ ಚೀಟಿಯ ಎಡವನ್ನೆಲ್ಲ ಬಲ ಎಂದು, ಬಲವನ್ನೆಲ್ಲ ಎಡ ಎಂದು ಓದಿಕೊಂಡು ಓಡಿಸಿದೆ. ಒಂದೂ ತಪ್ಪಲಿಲ್ಲ.

ಆದರೆ ಹೋದ ಸಮಯ ಹೋಯಿತು. ದೊಡ್ಡ ರಸ್ತೆಗೆ ಬಿದ್ದಾಗ ಎಂಟು ಇಪ್ಪತ್ತೆರಡು. ಹತ್ತಬೇಕಾದವಳು ಇನ್ನೊಬ್ಬಳೇ, ಅಜ್ಜನ ಕೈ ಹಿಡಿದು ಆಚೆ ಬದಿಯಲ್ಲಿ ನಿಂತಿದ್ದಳು. ಅಲ್ಲೇ ನಿಲ್ಲಿಸಿ ದಾಟಿಸಿಕೊಂಡರೆ ನಾಲ್ಕು ನಿಮಿಷ ಉಳಿಯುತ್ತಿತ್ತು. ಸರ್ಕಲ್ ಸುತ್ತಿ ಬಂದರೆ ಗಂಟೆ ಹೊಡೆಯುವ ಮೊದಲು ಮುಟ್ಟುವುದು ಕಷ್ಟವಿತ್ತು. ಅಜ್ಜ ಆಗಲೇ ಒಂದು ಕಾಲು ರಸ್ತೆಗೆ ಇಟ್ಟಿದ್ದರು.

“ಇವತ್ತೊಂದಿನ ದಾಟಿಸ್ಕೊಳ್ಳೋಣ ಅಣ್ಣ, ಅಕ್ಕನ ಮರ್ಯಾದೆ ಪ್ರಶ್ನೆ” ಎಂದಳು ಆಯಾ.

“ಅಕ್ಕನ ಮರ್ಯಾದೆ ಇರೋದೇ ಅದ್ರಲ್ಲಿ” ಎಂದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಅಲ್ಲೇ ನಿಲ್ಲಿ ಎಂದು ಅಜ್ಜನಿಗೆ ಸನ್ನೆ ಮಾಡಿದೆ. ಅವರ ಕಾಲು ಹಿಂದೆ ಹೋದದ್ದು ನೋಡಿಕೊಂಡೇ ಮುಂದೆ ಹೋಗಿ ಸರ್ಕಲ್ ಸುತ್ತಿದೆ.

ಹುಡುಗಿ ಹತ್ತಿ ಕೂತಳು, ಬಾಗಿಲು ಮುಚ್ಚಿತು. ವೇಗ ಹೆಚ್ಚಿಸಲಿಲ್ಲ. ಕಾಲು ತುರಿಸುತ್ತಿತ್ತು, ಆದರೂ ಹೆಚ್ಚಿಸಲಿಲ್ಲ. ಮಕ್ಕಳಿಗೂ ಏನೋ ಗೊತ್ತಾಗಿತ್ತು, ಎಲ್ಲರೂ ಕತ್ತು ಚಾಚಿ ಮುಂದಿನ ಗಾಜನ್ನೇ ನೋಡುತ್ತಿದ್ದರು. ಶಾಲೆಯ ತಿರುವು ಬಂತು, ಗೇಟು ಕಂಡಿತು, ಮುಂದಿನ ಗಾಲಿ ಒಳಗೆ ಹೋಯಿತು, ಢಣ್ ಎಂದು ಗಂಟೆ ಹೊಡೆಯಿತು. ಕಾರ್ಯದರ್ಶಿ ಕೈ ಅಡ್ಡ ಹಿಡಿದರು. ಬಸ್ಸು ಅರ್ಧ ಒಳಗೆ, ಅರ್ಧ ಹೊರಗೆ.

ಉಳಿದ ಆರೂ ಬಸ್ಸುಗಳು ಒಳಗೆ ಸಾಲಾಗಿ ನಿಂತಿದ್ದವು. ಅಕ್ಕ ಓಡಿ ಬಂದು ಕಿಟಕಿಯ ಕೆಳಗೆ ನಿಂತಳು. ಯಾಕೆ ತಡ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ.

“ಯಾರಾದ್ರೂ ದಾಟಿದ್ರೇನೋ?” ಎಂದಳು.

“ಇಲ್ಲ ಕಣೆ, ಒಬ್ರೂ ಇಲ್ಲ” ಎಂದೆ. ತಡವಾದದ್ದಕ್ಕೆ ನಾನೇ ದಾರಿ ತಪ್ಪಿದೆ ಎಂದು ಕಾರ್ಯದರ್ಶಿಗೆ ಹೇಳಹೊರಟೆ. ಅಷ್ಟರಲ್ಲಿ ಅವಳು ನನ್ನ ಕೈಯ ಚೀಟಿ ನೋಡಿ, ತುಟಿ ಅಲುಗಿಸಿ ಓದಿ, ಎಡ-ಬಲ ಅದಲುಬದಲಾದದ್ದು ಕಂಡು, ತಪ್ಪು ತನ್ನದೇ ಎಂದು ನೇರವಾಗಿ ಒಪ್ಪಿಕೊಂಡುಬಿಟ್ಟಳು. ಕಾರ್ಯದರ್ಶಿ ತಲೆಯಾಡಿಸಿ, ತಪ್ಪು ಯಾರದಾದರೂ ಬಸ್ಸು ಇನ್ನೂ ಹೊರಗೇ ಇದೆ ಎಂದರು.

ಅಕ್ಕ ಬಸ್ಸಿನ ಪಕ್ಕಕ್ಕೆ ನಡೆದು ಬಾಗಿಲ ಮೇಲೆ ಅಂಗೈ ಬಡಿದಳು.

“ಬಾಗಿಲು ಎಲ್ಲಿದೆ ನೋಡಿ ಸಾರ್. ಮಕ್ಕಳು ಇಳಿಯೋದು ಹಿಂದಿನ ಗಾಲಿಯಿಂದಲ್ಲ.”

ಬಾಗಿಲು ಗೇಟಿನಿಂದ ಒಂದು ಮೊಳ ಒಳಗಿತ್ತು. ಅವರು ಬಗ್ಗಿ ನೋಡಿದರು, ಗೇಟಿನ ಗೆರೆ ನೋಡಿದರು, ಕೊನೆಗೆ ಅಕ್ಕನ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, “ಏಳೂ ಬಂದವು ಅಂತ ಬರ್ಕೊಳಮ್ಮ” ಎಂದರು.

ಅಕ್ಕ ಬಸ್ಸುಗಳ ಸಮಯ ಬರೆಯುವ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದಳು. ನೀನೇ ಬರಿ ಎಂದು ಎರಡನ್ನೂ ಕಿಟಕಿಯಿಂದ ನನಗೆ ಕೊಟ್ಟಳು, ನಾನು ಬರೆದೆ.