ಮಂಗಗಳಿಗೆ ಬಿಟ್ಟ ಮುರುಗಲು

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾದಾಗ ನನಗೆ ಮೂವತ್ತಾರು ವರ್ಷ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎರಡು ವರ್ಷದ ಹಿಂದೆ ಜೋಯಿಡಾ ಕಡೆ ಮುರುಗಲು, ಅಂದರೆ ಕೋಕಂ ಹಣ್ಣು ಕೊಯ್ಯುವವರಿಗೆ ತರಬೇತಿ ನಡೆಯಿತು. ಒಣಗಿಸಿದ ಸಿಪ್ಪೆಯನ್ನು ದೂರದ ಕಂಪನಿ ಒಳ್ಳೆಯ ದರಕ್ಕೆ ಕೊಳ್ಳುತ್ತಿತ್ತು. ಆದರೆ ಕಾಡಿಗೆ ಹಾನಿಯಾಗದಂತೆ ಕೊಯ್ದವರ ಹೆಸರು ಮಾತ್ರ ಕಂಪನಿಗೆ ಮಾರುವವರ ಪಟ್ಟಿಯಲ್ಲಿ ಉಳಿಯುತ್ತಿತ್ತು. ಹಳಿಯಾಳದಿಂದ ಬಸ್ಸಿನಲ್ಲಿ ಹೋಗಿ ಕಲಿಸುವ ಕೆಲಸ ನನ್ನದು.

"ಮೂರರಾಗ ಒಂದ್ ಪಾಲು ಮರದಾಗ ಬಿಡ್ರಿ. ಅದು ಹಕ್ಕಿದು, ಮಂಗ್ಯಾಂದು" ಎನ್ನುತ್ತಿದ್ದೆ. ಉಳಿದವರು ನಗುತ್ತಿದ್ದರು. ಒಬ್ಬ ವಯಸ್ಸಾದ ಹೆಂಗಸು ಮಾತ್ರ ಹೇಳಿದಂತೆಯೇ ಮಾಡಿದಳು. ಸೋಮವಾರ ಅವಳ ಮರ ನೋಡಿದೆ. ಮೂರನೇ ಪಾಲು ಕೆಂಪಗೆ ತೂಗುತ್ತಿತ್ತು. ಫೋಟೋ ತೆಗೆಯಬೇಕಿತ್ತು, ಅದು ನನ್ನ ಕೆಲಸವೇ. ಬಸ್ಸು ತಪ್ಪೀತೆಂದು ಓಡಿದೆ.

ಗುರುವಾರ ಕಂಪನಿಯ ತಪಾಸಣೆಯವರು ಬಂದರು. ಮರದಲ್ಲಿ ಒಂದು ಹಣ್ಣೂ ಇರಲಿಲ್ಲ. ಬುಡದಲ್ಲಿ ಕಚ್ಚಿ ಉಗಿದ ಬೀಜಗಳು ಬಿದ್ದಿದ್ದವು.

"ಎಲ್ಲೈತಿ ಯವ್ವಾ, ಮೂರನೇ ಪಾಲು?" ಎಂದು ಅವರಲ್ಲೊಬ್ಬರು ಕೇಳಿದರು.

"ಮಂಗ್ಯಾ ತಿಂದ್ವರಿ ಸಾಹೇಬ್ರ. ಅವುಕ್ಕಂತನ ಬಿಟ್ಟಿದ್ದೆ."

"ಹಂಗಾರ ಮಂಗ್ಯಾನ ಹೆಬ್ಬಟ್ಟು ಒತ್ತಿಸ್ಕೊಂಡ್ ಬಾ ಹೋಗು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನನ್ನ ಕಡೆ ತಿರುಗಿದಳು.

"ತಮ್ಮಾ, ಸೋಮವಾರ ನೀನ ನೋಡಿ ಹೋಗೀದಿ. ಹೇಳಪಾ."

ನೋಡಿದ್ದೇನೆ ಎಂದರೆ ಫೋಟೋ ಎಲ್ಲಿ ಎಂದು ಕೇಳುತ್ತಾರೆ. "ನಾ ನೋಡಿಲ್ರಿ ಸರ್" ಎಂದೆ. ಪಟ್ಟಿಯಲ್ಲಿ ಅವಳ ಹೆಸರಿಗೆ ಗೆರೆ ಎಳೆಯಲು ಪೆನ್ನನ್ನು ನನ್ನ ಕೈಗೇ ಕೊಟ್ಟರು. ಎಳೆದೆ. ಪಕ್ಕದ ಮರದವನು ಕುಡಿದು ಬುಡದಲ್ಲೇ ಮಲಗಿ ಒಂದು ಹಣ್ಣೂ ಕೊಯ್ದಿರಲಿಲ್ಲ. ಅವನಿದ್ದಲ್ಲಿಗೆ ಮಂಗ ಬಾರದೆ ಮರ ತುಂಬಿತ್ತು. ಅವನಿಗೆ ಪ್ರಮಾಣಪತ್ರ ಕೊಟ್ಟು ಚಪ್ಪಾಳೆ ತಟ್ಟಿದೆವು.

ಈ ವರ್ಷ ಮತ್ತೆ ಆ ದಾರಿಯಲ್ಲಿ ಹೋಗುವಾಗ ಅವಳು ಸಿಕ್ಕಳು. ಉದ್ದನೆಯ ಕೋಲಿನಿಂದ ಕಾಯಿ ಹಣ್ಣು ಎನ್ನದೆ ಉದುರಿಸುತ್ತಿದ್ದಳು, ಸಂತೆಯ ವ್ಯಾಪಾರಿಗೆ. ಕಲಿಸಿದ ರೂಢಿ, ಬಾಯಿ ಸುಮ್ಮನಿರಲಿಲ್ಲ.

"ಅಕ್ಕಾ, ಒಂದ್ ಪಾಲು ಬಿಡವಾ."

"ಬಿಟ್ಟಿದ್ದೆನಲ್ಲಪಾ" ಎಂದಳು, ಕೋಲು ನಿಲ್ಲಿಸದೆ. "ನೀ ನೋಡಲಿಲ್ಲ."

ಕಲಿತದ್ದನ್ನು ಸರಿಯಾಗಿ ಮಾಡಿಯೂ ಕೆಲಸ ಕಳೆದುಕೊಂಡವರು ನಿಮ್ಮಲ್ಲಿದ್ದರೆ ಬರೆಯಿರಿ. ನನ್ನ ಹಾಗೆ ನೋಡಿಯೂ ನೋಡಿಲ್ಲ ಎಂದವರಿದ್ದರೆ ಅವರೂ ಬರೆಯಲಿ.