ಹಿತ್ತಾಳೆ ತೋಟಾದ ಸದ್ದು

ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ದೇವರ ಸಾಮಾನು ತೊಳೆಯಲು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿದರು. ದೀಪದ ಕಂಬ, ಗಂಟೆ, ಆರತಿ ತಟ್ಟೆ, ಪಂಚಪಾತ್ರೆ. ಪಕ್ಕದ ಬುಟ್ಟಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ, ಒಂದು ಕಡೆ ಮುಚ್ಚಿದ, ಒಳಗೆಲ್ಲ ಮಸಿ ಹಿಡಿದ ಹಿತ್ತಾಳೆಯ ಕೊಳವೆಗಳೂ ಇದ್ದವು. ಇವು ಯಾವ ದೇವರಿಗಪ್ಪಾ ಎಂದು ಒಂದನ್ನು ತಿರುಗಿಸಿ ನೋಡಿದೆ, ಮೂಸಿಯೂ ನೋಡಿದೆ. ದೀಪಾವಳಿಯ ಮರುದಿನ ಬೀದಿಯಲ್ಲಿ ಇರುತ್ತದಲ್ಲ, ಆ ವಾಸನೆ.

"ಅದು ದೇವ್ರುದಲ್ಲ ಕಣೇ, ನಿಮ್ಮಾವುಂದು," ಅಂದರು ಅತ್ತೆ. "ಕೋವಿ ತೋಟಾ. ಹೊಡೆದ್ಮೇಲೆ ಉಳಿಯೋ ಖಾಲಿ ಚಿಪ್ಪು. ತೊಳ್ದು ಮತ್ತೆ ಮದ್ದು ತುಂಬ್ತಾರೆ."

ನನಗೆ ಸುಮ್ಮನಿರುವ ಬುದ್ಧಿಯನ್ನು ದೇವರು ಕೊಟ್ಟಿಲ್ಲ. ಹುಳಿಯಾರಿನ ನನ್ನ ತವರಿನಲ್ಲಿ "ಇವ್ಳು ಹುಟ್ಟುವಾಗ್ಲೇ ಯಾಕೆ ಅಂದ್ಕಂಡು ಹುಟ್ಟವ್ಳೆ" ಎಂದು ಅವ್ವ ಬೈಯುತ್ತಿದ್ದಳು. ಕೈ ಒರೆಸಿಕೊಂಡವಳೇ ಜಗಲಿಯ ಮೇಲಿದ್ದ ಮಾವನ ಹತ್ತಿರ ಹೋದೆ. ಹೊಸ ಸೊಸೆ ಎದುರಿಗೆ ನಿಂತು ಕೋವಿಯ ವಿಷಯ ಕೇಳುತ್ತಾಳೆಂದು ಅವರು ಅಂದುಕೊಂಡಿರಲಿಲ್ಲ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಒತ್ತರಿಸಿ, "ಕೂತ್ಕಳವ್ವಾ, ಹೇಳ್ತೀನಿ," ಅಂದರು.

ನಮ್ಮ ತೋಟ ಕಿಬ್ಬನಹಳ್ಳಿ ಕ್ರಾಸಿನಿಂದ ಸ್ವಲ್ಪ ಒಳಗೆ. ಕ್ರಾಸಿನಲ್ಲಿ ಬಸ್ಸು ಇಳಿದವರೆಲ್ಲ ಪುಣ್ಯಕ್ಕೆಂದು ಕೋತಿಗಳಿಗೆ ಬಾಳೆಹಣ್ಣು ಎಸೆಯುತ್ತಾರೆ. ಪುಣ್ಯ ಅವರಿಗೆ, ಕೋತಿ ನಮಗೆ. ಹಣ್ಣು ತಿಂದು ರುಚಿ ಹತ್ತಿದವು ತೋಟಕ್ಕೆ ನುಗ್ಗಿ ಎಳನೀರು ಕಿತ್ತು, ಒಂದು ಗುಟುಕು ಕುಡಿದು ಬಿಸಾಕುತ್ತವೆ. ಅದಕ್ಕೇ ಕೋವಿ. ಅದು ಮಾವನ ಅಪ್ಪನ ಕಾಲದ್ದು, ಲೈಸೆನ್ಸೂ ಇತ್ತು, ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಹೋಗಿ ಕೂತು ಬರುತ್ತಿತ್ತು. ಮಾವ ತೋಟಾದೊಳಗೆ ಚರೆಯನ್ನು, ಅಂದರೆ ಸೀಸದ ಸಣ್ಣ ಗುಂಡುಗಳನ್ನು, ಮಾತ್ರ ಹಾಕುತ್ತಿರಲಿಲ್ಲ. "ಆಂಜನೇಯನ ಮಕ್ಳಿಗೆ ಯಾರಾದ್ರೂ ಗುಂಡು ಹೊಡೀತಾರಾ? ಸದ್ದು ಸಾಕು ಬುಡು." ಮದ್ದು ತುಂಬುವ ಕೆಲಸ ಅವರೊಬ್ಬರದೇ, ಬಾಗಿಲು ಹಾಕಿಕೊಂಡು. ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಖಾಲಿ ಚಿಪ್ಪನ್ನು ಅದಕ್ಕೆ ತಯಾರು ಮಾಡುವ ಕೆಲಸಕ್ಕೆ ನಾನು ಮೆಲ್ಲಗೆ ಕೈ ಹಾಕಿದೆ.

ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸಿ ಸುಟ್ಟುಹೋದ ಕೇಪನ್ನು ಮೊದಲು ತೆಗೆಯಬೇಕು. ಆಮೇಲೆ ಹುಣಸೆ ನೀರು. ಅದರಲ್ಲಿ ಮಾತ್ರ ಮಾವ ಬಲು ಕಟ್ಟುನಿಟ್ಟು. ಒಂದು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು, ಅಷ್ಟೇ. ಅತ್ತೆ ಒಮ್ಮೆ ಆಯುಧಪೂಜೆಗೆ ಫಳಫಳ ಹೊಳೆಯಲೆಂದು ದೇವರ ಸಾಮಾನಿನ ಜೊತೆ ಇವನ್ನೂ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಎದ್ದರೆ ಎಲ್ಲ ತಾಮ್ರದ ಹಾಗೆ ಕೆಂಪಗಾಗಿದ್ದವಂತೆ. "ಹುಳಿ ಹಿತ್ತಾಳೆ ಒಳಗಿನ ಸತ್ವನೇ ತಿಂದಾಕ್ತದೆ. ಕೆಂಪಗಾದ್ದು ಬಿಸ್ಕತ್ತು ಇದ್ದಂಗೆ, ಪಟ್ಟಂತ ಮುರೀತದೆ," ಎಂದು ಮಾವ ಅಷ್ಟನ್ನೂ ಗುಜರಿಗೆ ಹಾಕಿದ್ದರು. ಹುಣಸೆ ನೀರಿನಿಂದ ತೆಗೆದ ಮೇಲೆ ತೆಂಗಿನ ನಾರಿನಲ್ಲಿ ತಿಕ್ಕುವುದು, ಕೇಪು ಕೂರುವ ಗುಳಿಯನ್ನು ಪೊರಕೆ ಕಡ್ಡಿಯಲ್ಲಿ ಕೆರೆಯುವುದು, ಮೊರದಲ್ಲಿ ಬೋರಲು ಹಾಕಿ ಒಣಗಿಸುವುದು.

ಮೊಬೈಲಿನಲ್ಲಿ ನೋಡಿದರೆ ಫಾರಿನ್ನಿನವರು ಇದೇ ಕೆಲಸಕ್ಕೆ ಒಂದು ಮಿಷನ್ ಇಟ್ಟುಕೊಂಡಿದ್ದಾರೆ! ಅಕ್ರೋಟಿನ ಚಿಪ್ಪಿನ ಪುಡಿ ತುಂಬಿ, ಅದರೊಳಗೆ ತೋಟಾ ಹಾಕಿ ತಿರುಗಿಸುತ್ತಾರೆ. ಅಯ್ಯೋ, ಚಿಪ್ಪಿಗೆ ನಮ್ಮಲ್ಲಿ ಬರವೇ ಎಂದು ಕೊಬ್ಬರಿ ಚಿಪ್ಪನ್ನು ಕುಟ್ಟಿ ತರಿ ಮಾಡಿ, ಮೂಲೆಗೆ ಬಿದ್ದಿದ್ದ ಹಳೇ ಗ್ರೈಂಡರಿಗೆ ಸುರಿದು, ಮೇಲೆ ತೋಟಾ ಹಾಕಿ ಸ್ವಿಚ್ ಒತ್ತಿದೆ. ಆ ಗಲಾಟೆಗೆ ಅತ್ತೆ ಪೂಜೆ ಬಿಟ್ಟು ಓಡಿಬಂದರು. "ದೋಸೆಗೆ ಏನೇ ರುಬ್ತಾ ಇದೀಯಾ, ಮುಂಡೇದೆ!" ಬೈಗುಳ ತಿಂದರೂ ಹಿತ್ತಾಳೆ ಮಾತ್ರ ಚಿನ್ನದ ಹಾಗೆ ಬಂದಿತ್ತು. ಮಾವ ಒಂದನ್ನು ಬೆಳಕಿಗೆ ಹಿಡಿದು, "ಪರವಾಗಿಲ್ವೇ, ಚಿಪ್ಪಿಗೆ ಚಿಪ್ಪೇ ಮದ್ದು," ಎಂದು ನಕ್ಕರು.

ಆದರೆ ಹೊಳಪು ಕೆಲಸವಲ್ಲ, ಕಿವಿ ಕೆಲಸ ಎನ್ನುವುದು ಅವರ ಮಾತು. ನಮ್ಮ ಕಡೆ ಕೊಬ್ಬರಿ ಮಾಡುವವರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಗೊಡಗೊಡ ಅನ್ನಬೇಕು, ಆಗಲೇ ಒಡೆಯುವುದು. ಮಾವ ತೋಟಾಕ್ಕೂ ಅದೇ ನ್ಯಾಯ ಇಟ್ಟಿದ್ದರು. ಖಾಲಿ ಚಿಪ್ಪನ್ನು ಒಂದು ಕಡ್ಡಿಗೆ ಬೋರಲಾಗಿ ಸಿಕ್ಕಿಸಿ, ಬೀಗದ ಕೈಯಿಂದ ತಟ್ಟುವುದು. ಗಟ್ಟಿಯಿದ್ದರೆ ಠಿಣ್ ಎಂದು ಎಳೆದುಕೊಂಡು ಹೋಗುತ್ತದೆ. ಎಲ್ಲಾದರೂ ಸೀಳಿದ್ದರೆ ಲೊಟಕ್ ಅಂದು ಸತ್ತುಹೋಗುತ್ತದೆ.

"ಸೀಳಿರೋದ್ಕೆ ಮದ್ದು ತುಂಬಿದ್ರೆ ಏನಾಗ್ತದೆ ಮಾವ?"

"ಬೆಂಕಿ ಮುಂದಕ್ಕೆ ಹೋಗಲ್ಲ ಕಣವ್ವಾ, ಹಿಂದಕ್ಕೆ ಬತ್ತದೆ. ಕೆನ್ನೆ ಇಲ್ಲೇ ಇರ್ತದಲ್ಲ. ಹಂದನಕೆರೆ ಕಡೆಯೋರೊಬ್ರು ಹಿಂಗೇ ಕಣ್ಣು ಕಳ್ಕಂಡ್ರು."

ಮೊದಮೊದಲು ನನಗೆ ಎಲ್ಲವೂ ಒಂದೇ ಸದ್ದು. ಮಾವ ಕಣ್ಣು ಮುಚ್ಚಿ ಕೇಳಿ ಒಂದನ್ನು ಆಚೆಗೆ ಎಸೆದರೆ, ನಾನು ಅದನ್ನು ಎತ್ತಿಕೊಂಡು ಹತ್ತು ಸಲ ತಟ್ಟಿ ನೋಡುತ್ತಿದ್ದೆ. ತಟ್ಟಿ ತಟ್ಟಿ ಕಿವಿ ಪಳಗಿತು.

ವರ್ಷಗಳು ಹೋದವು. ಇತ್ತೀಚೆಗೆ ಮಾವ ಒಂದು ಹೊಸ ಕುಚೋದ್ಯ ಕಲಿತಿದ್ದರು. ಅತ್ತೆ ಬೆಳಿಗ್ಗೆ ಪೂಜೆ ಮುಗಿಸಿ ಆರತಿ ತಂದರೆ, "ಏನು, ಇವತ್ತೂ ಮೂಕಪೂಜೆನಾ?" ಎಂದು ಕೇಳುವುದು. ತನಗೆ ಮಂತ್ರ ಬರುವುದಿಲ್ಲವೆಂದು ಆಡಿಕೊಳ್ಳುತ್ತಿದ್ದಾರೆಂದು ಅತ್ತೆಗೆ ಉರಿದುಹೋಗುತ್ತಿತ್ತು. ಮರುದಿನ ಬೇಕೆಂದೇ ಗಂಟೆಯನ್ನು ಇನ್ನೂ ಜೋರಾಗಿ ಆಡಿಸುತ್ತಿದ್ದರು. ಮಾವ ಮತ್ತೂ ಅದನ್ನೇ ಅನ್ನುತ್ತಿದ್ದರು. ವಯಸ್ಸಾದ ಮೇಲೆ ಗಂಡ ಹೆಂಡಿರಿಗೆ ಇದೊಂದು ಆಟ ಎಂದು ನಾನೂ ಸುಮ್ಮನಿದ್ದೆ.

ಹೋದ ಬೇಸಗೆಯಲ್ಲಿ ಕೋತಿಗಳ ಕಾಟ ಹೆಚ್ಚಾಯಿತು. ಮಾವ ತೋಟಾದ ಡಬ್ಬಿ ತಂದು ಜಗಲಿಯಲ್ಲಿ ಕೂತರು. ನಾನು ತೊಳೆದು ಒಣಗಿಸಿದ್ದನ್ನು ಅವರು ಒಂದೊಂದಾಗಿ ತಟ್ಟಿ ಪಕ್ಕಕ್ಕಿಡುತ್ತಿದ್ದರು. ಠಿಣ್, ಠಿಣ್, ಲೊಟಕ್. ನಾನು ತಲೆ ಎತ್ತಿದೆ. ಮಾವ ಅದನ್ನೂ ಒಳ್ಳೆಯದರ ಜೊತೆಗೇ ಇಟ್ಟರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡು ಎತ್ತಿಕೊಂಡೆ. ಬುಡದ ಹತ್ತಿರ ಉಗುರಿಗೆ ಮಾತ್ರ ಸಿಗುವಂಥ ಸಣ್ಣ ಗೆರೆ ಇತ್ತು.

"ಮಾವ, ಇದು ಸೀಳೈತೆ."

ಅವರು ಇಸಕೊಂಡು ಕಿವಿಯ ಪಕ್ಕ ಹಿಡಿದು ಮತ್ತೆ ತಟ್ಟಿದರು. "ಗಂಟೆ ಇದ್ದಂಗೈತಲ್ಲವ್ವಾ!"

ನೀರು ತರುವ ನೆಪದಲ್ಲಿ ಎದ್ದು ಅವರ ಬೆನ್ನ ಹಿಂದೆ ನಿಂತು, ಒಳ್ಳೆಯ ತೋಟಾವೊಂದನ್ನು ತಟ್ಟಿದೆ. ಜೋರಾಗಿ ತಟ್ಟಿದೆ. ಅವರು ತಿರುಗಲಿಲ್ಲ. ಕಾಯಿ ಅಲ್ಲಾಡಿಸಿದರೆ ಕೈಗೂ ಗೊತ್ತಾಗುತ್ತದೆ, ಅದಕ್ಕೇ ಅಟ್ಟದ ಕೆಲಸದಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ನಮ್ಮ ಮಾತೂ ಕೇಳಿಸುತ್ತಿತ್ತು. ಸಣ್ಣ, ತೆಳ್ಳಗಿನ ಸದ್ದುಗಳು ಮಾತ್ರ ಅವರನ್ನು ಬಿಟ್ಟು ಹೋಗಿದ್ದವು, ಠಿಣ್ ಅನ್ನುವುದನ್ನು ಅಭ್ಯಾಸದ ಮೇಲೆ ಊಹಿಸಿಕೊಳ್ಳುತ್ತಿದ್ದರು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ಮಾವ, ನಿಮಗೆ ಇದರ ಸದ್ದು ಕೇಳ್ತಿಲ್ಲ," ಅಂದುಬಿಟ್ಟೆ.

"ಕಿವುಡ ಅಂತೀಯಾ ನನ್ನ?" ಮಾವ ಕೆರಳಿದರು. "ನೀನು ಮೂಸಿ ನೋಡ್ತಿದ್ದಾಗ ಕಲ್ಸಿದೋನು ನಾನು ಕಣೇ! ಕೊಡಿಲ್ಲಿ."

"ಕೊಡಾಕಿಲ್ಲ. ನಿಮ್ಮ ಕಣ್ಣು ಹೋದ್ರೆ ಅತ್ತೆಗೆ ನಾನೇನು ಹೇಳ್ಲಿ?" ನನಗೂ ಸಿಟ್ಟು ನೆತ್ತಿಗೇರಿತ್ತು. ಭಯಕ್ಕೆ ಬಂದ ಸಿಟ್ಟು ಅದು. ತೋಟಾವನ್ನು ಕಲ್ಲಿನ ಮೇಲಿಟ್ಟು, ಗುಂಡುಕಲ್ಲು ಎತ್ತಿ ಕುಕ್ಕಿದೆ. ಗಟ್ಟಿ ಹಿತ್ತಾಳೆಯಾಗಿದ್ದರೆ ಮಡಚಿಕೊಳ್ಳಬೇಕಿತ್ತು. ಆ ಗೆರೆಯುದ್ದಕ್ಕೂ ಹಪ್ಪಳದ ಹಾಗೆ ಸೀಳಿಕೊಂಡಿತು.

ಮಾವ ಎರಡು ಹೋಳನ್ನೂ ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತರು. ಆಮೇಲೆ ಎದ್ದು ತೋಟಕ್ಕೆ ಹೋದರು. ದುಡುಕಿ ಅಂದುಬಿಟ್ಟೆನಲ್ಲ ಎಂದು ನಾನು ಊಟವಾದ ಮೇಲೂ ಪೇಚಾಡುತ್ತಿದ್ದೆ.

ಮರುದಿನ ಪೂಜೆಯಾಗಿ, ಮಾಮೂಲಿನಂತೆ ಮೂಕಪೂಜೆಯ ಮಾತೂ ಆಗಿ, ಅತ್ತೆ ಒಳಗೆ ಹೋದ ಮೇಲೆ ಮಾವ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಬೀಗದ ಕೈಯನ್ನೂ ಇಟ್ಟರು. "ನೀನೇ ತಟ್ಟವ್ವಾ. ನೀನು ಬ್ಯಾಡ ಅಂದಿದ್ದು ನನಗೂ ಬ್ಯಾಡ."

ಒಂದೊಂದನ್ನೇ ತಟ್ಟಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಸದ್ದು ಅಲ್ಲಿ ಕಾಣುತ್ತದೆಯೇನೋ ಎಂಬ ಹಾಗೆ. ಕೊನೆಗೆ ತಡೆಯಲಾರದೆ ಕೇಳಿದರು, "ಹೆಂಗೈತೆ ಸದ್ದು? ನಂಗೂ ಹೇಳು."

ಮನಸ್ಸಿಗೆ ಬಂದದ್ದನ್ನೇ ಹೇಳಿದೆ. "ಅತ್ತೆ ಈಗ ತಾನೇ ಗಂಟೆ ಬಾರಿಸಿದ್ರಲ್ಲ ಮಾವ, ಹಂಗೇ ಐತೆ."

ಮಾವ ದೇವರ ಮನೆಯ ಕಡೆ ತಿರುಗಿದರು. "ಬಾರಿಸ್ತಾಳಾ ಈಗ್ಲೂ?" ಅಂದರು ಮೆಲ್ಲಗೆ. "ಬಿಟ್ಟವ್ಳೆ ಅಂದ್ಕಂಡಿದ್ದೆ ಕಣವ್ವಾ. ಅದ್ಕೇ ದಿನಾ ಕೇಳ್ತಿದ್ದೆ."

ಕಾಫಿ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಾಫಿ ಕೊಟ್ಟು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಆರತಿಗೆ ಮುಂಚೆ ಅತ್ತೆ ಗಂಟೆಯನ್ನು ತಂದು ಮಾವನ ಕೈಗೆ ಕೊಟ್ಟರು. "ತಗಳಿ, ನೀವೇ ಬಾರ್ಸಿ. ಕೈಗಾದ್ರೂ ಗೊತ್ತಾಗ್ಲಿ."

ಆರತಿ ಮುಗಿದರೂ ಮಾವ ನಿಲ್ಲಿಸಲಿಲ್ಲ.