ಫರಸಿಯ ಅಡಿಯ ಸ್ವರಗಳು

ನೆನಪು ಅಲ್ಲಲ್ಲಿ ತಪ್ಪಿರಬಹುದು. ನಿಜಾಮರ ಕಾಲ, ನನಗೆ ಒಂಬತ್ತೋ ಹತ್ತೋ ವರ್ಷ. ಶಹಾಬಾದಿನ ನಮ್ಮ ಮನೆಯಲ್ಲಿ ಕಣ್ಣಿಲ್ಲದ ಕಾಕಾ, ತೀರಿಹೋದ ತಮ್ಮ ಗುರುಗಳ ಹಾಡುಗಳನ್ನು ಮರೆಯುವ ಮುನ್ನ ಬ್ರೈಲ್ ಸ್ವರಲಿಪಿಗೆ ಇಳಿಸುತ್ತಿದ್ದರು. ದಪ್ಪ ಕಾಗದದ ಮೇಲೆ ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುವರು. ತಾಳದ ಒಂದು ಸುತ್ತಿಗೆ ಒಂದು ಸಾಲು. ಹಾಳೆ ತಿರುವಿದರೆ ಸ್ವರಗಳು ಉಬ್ಬಿ ಬೆರಳಿಗೆ ಸಿಗುತ್ತಿದ್ದವು.

“ಕಾಕಾ, ಉರ್ದು ಬರ್ಯಾಕತ್ತೀರೇನ್ರಿ?”

“ನಿಮ್ಮ ಸಾಲಿ ಮಾಸ್ತರಗ ಕೊಡು, ಓದ್ಲಿ ನೋಡೂಣು!” ಎಂದು ನಗುತ್ತಿದ್ದರು.

ಮಳೆಗಾಲದ ಥಂಡಿಗೆ ಹಾಳೆಗಳು ಸುರುಳಿಗಟ್ಟಿದವು. ನೆಟ್ಟಗಾಗಲೆಂದು ಯಾರೋ ಅವುಗಳ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿದರು. ವಾರದ ನಂತರ ಕಾಕಾ ಒಂದೊಂದೇ ಹಾಳೆಯ ಮೇಲೆ ಬೆರಳಾಡಿಸಿದರು. ಚುಕ್ಕೆಗಳೆಲ್ಲ ಚಪ್ಪಟೆಯಾಗಿದ್ದವು.

“ಇಲ್ಲೇ ಇದ್ದುವಲ್ಲವ್ವ, ಎಲ್ಲಿ ಹೋದವು?” ಎಂದು ನನ್ನನ್ನು ಕೇಳಿದರು.

ಬೇರೆ ಪ್ರತಿ ಇರಲಿಲ್ಲ. ಈಗಲೂ ನಾನು ಬರೆಯಲು ಕುಳಿತರೆ ಆ ಬೆರಳುಗಳು ನನ್ನ ಕಾಗದದ ಮೇಲೆ ಹುಡುಕುತ್ತ ಹೋಗುತ್ತವೆ. ಆ ಕಲ್ಲಿನ ತಣ್ಣನೆಯ ಭಾರ ನನ್ನ ಅಂಗೈಗೆ ನೆನಪಿದೆ. ಹೇರಿದ ನೆನಪೋ, ಆಮೇಲೆ ಎತ್ತಿದ ನೆನಪೋ ತಿಳಿಯದು. ಹೋದ ವರ್ಷ ಅವ್ವನನ್ನು ಕೇಳಿಯೇಬಿಟ್ಟೆ:

“ಯವ್ವಾ, ಅವತ್ತು ಆ ಕಲ್ಲು ಇಟ್ಟಾಕಿ ನಾನೇನು?”